ಗೋಡೆಯ ಮೇಲಿನ ಪಾಸ್‌ವರ್ಡ್

ಶಾಲೆಯ ಮಾಸ್ತರರಿಗೆ ಈಗ ಎರಡು ತಲೆನೋವು. ಒಂದು ಮಕ್ಕಳ ಗದ್ದಲ, ಇನ್ನೊಂದು ಪಾಸ್‌ವರ್ಡ್. ಗದ್ದಲವಾದರೂ ಜೋರಾಗಿ ಗದರಿಸಿದರೆ ನಿಲ್ಲುತ್ತದೆ. ಮರೆತ ಪಾಸ್‌ವರ್ಡ್ ಯಾರ ಗದರಿಕೆಗೂ ಬಗ್ಗುವುದಿಲ್ಲ.

ನಾನು ನಾರಾಯಣ, ಇಂಡಿ ತಾಲೂಕಿನ ತಾಂಬಾ ಹತ್ತಿರದ ಒಂದು ಸಣ್ಣ ಊರಿನ ಶಾಲೆಯ ಮುಖ್ಯ ಮಾಸ್ತರ. ಇಪ್ಪತ್ತರವರೆಗಿನ ಮಗ್ಗಿಯನ್ನು ನಿದ್ದೆಯಲ್ಲೂ ಹೇಳುತ್ತೇನೆ. ಆದರೆ ಮಕ್ಕಳ ಮಾಹಿತಿ ತುಂಬುವ ಆನ್‌ಲೈನ್ ತಾಣದ ಪಾಸ್‌ವರ್ಡ್ ಮಾತ್ರ ತಲೆಯಲ್ಲಿ ನಿಲ್ಲದು. ಚೀಟಿಯಲ್ಲಿ ಬರೆದೆ, ಅಂಗಿಯ ಜೊತೆ ಒಗೆತಕ್ಕೆ ಹೋಯಿತು. ಡೈರಿಯಲ್ಲಿ ಬರೆದೆ, ಡೈರಿಯನ್ನೇ ಇಂಡಿ ಬಸ್ಸಿನಲ್ಲಿ ಬಿಟ್ಟು ಬಂದೆ.

ಆಗ ನನಗೊಂದು ಬುದ್ಧಿ ಹೊಳೆಯಿತು. ನಮ್ಮ ಶಾಲೆಗಳಲ್ಲಿ ಎಲ್ಲವೂ ಗೋಡೆಯ ಮೇಲೇ ಇರುತ್ತದಲ್ಲ? ಯಾವ ದಿನ ಯಾವ ಊಟ, ಮಕ್ಕಳೆಷ್ಟು, ಸಹಾಯವಾಣಿ ಯಾವುದು, ಎಲ್ಲ. ಊಟದ ಪಟ್ಟಿ ಹೊಸದಾಗಿ ಬರೆಯಲು ಪೇಂಟರ್ ದಾವಲಮಲಿಕ ಬಂದಿದ್ದ. ಪಟ್ಟಿಯ ಕೆಳಗೆ ತಾಣದ ಹೆಸರು, ಶಾಲೆಯ ಸಂಖ್ಯೆ, ಪಾಸ್‌ವರ್ಡ್ ಮೂರನ್ನೂ ಕೆಂಪು ಬಣ್ಣದಲ್ಲಿ ಬರೆಸಿಬಿಟ್ಟೆ. ಅವನು ಪ್ರೀತಿಯಿಂದ ಅಕ್ಕಪಕ್ಕ ಎರಡು ಗಿಳಿಗಳನ್ನೂ ಬಿಡಿಸಿದ. ಗೋಡೆ ಒಗೆತಕ್ಕೆ ಹೋಗುವುದಿಲ್ಲ, ಬಸ್ಸು ಹತ್ತುವುದಿಲ್ಲ ಎಂದು ನಾನು ಮೀಸೆ ತಿರುವಿದೆ.

ಮುದ್ದೇಬಿಹಾಳದಿಂದ ವರ್ಗವಾಗಿ ಬಂದಿದ್ದ ವಸುಧಾ ಟೀಚರು ಅದನ್ನು ನೋಡಿ ಗಾಬರಿಯಾದರು.

“ಸರ, ಇದೇನ್ರಿ? ಪಾಸ್‌ವರ್ಡ್ ಊರ ಮಂದಿಗೆಲ್ಲಾ ಕಾಣಸ್ತೈತಲ್ರಿ!”

“ಕಾಣ್ಲಿ ಬಿಡ್ರಿ ಅಕ್ಕೋರ. ಮಂದಿ ಅದನ್ನ ತಗೊಂಡು ಏನ್ ಮಾಡ್ತಾರ? ಇದೇನು ಬ್ಯಾಂಕ ಏನ್ರಿ? ಒಳಗಿರೂದು ಮಕ್ಕಳ ಹೆಸರು, ಹಾಜರಿ. ಹಾಜರಿ ಕದ್ದು ಚಟ್ನಿ ಅರೀತಾರೇನು?”

“ಮನಿ ಕೀಲಿಕೈ ಬಾಗಲಕ್ಕ ಜೋತ ಬಿಟ್ಟು ಊರಿಗೆ ಹೋಗ್ತೀರೇನ್ರಿ ನೀವು?”

“ನೀವು ಭಾಳ ಅಂಜತೀರಿ ನೋಡ್ರಿ,” ಎಂದು ನಕ್ಕುಬಿಟ್ಟೆ. ಆ ನಗು ಎರಡು ತಿಂಗಳು ಬಾಳಿತು.

ನಮ್ಮ ಐದನೇ ತರಗತಿಯಲ್ಲಿ ನಿಷತ ಎಂಬ ಹುಡುಗಿ ಇದ್ದಳು. ಲಿಂಬೆ ವ್ಯಾಪಾರಿ ಬಾಬುಲಾಲನ ಮಗಳು. ಬಾಬುಲಾಲನೂ ನನ್ನ ಹಳೆಯ ವಿದ್ಯಾರ್ಥಿಯೇ. ಅವಳು ಬಲು ಚುರುಕು. ವಸತಿ ಶಾಲೆಯ ಪ್ರವೇಶ ಪರೀಕ್ಷೆಗೆಂದು ಆರು ತಿಂಗಳಿಂದ ಓದಿದ್ದಳು. ಅರ್ಜಿ ಹಾಕಲು ಕೊನೆಯ ದಿನ ಶುಕ್ರವಾರ, ಸಂಜೆ ಐದೂವರೆಯವರೆಗೆ. ನಾನೋ, ನಾಳೆ ಹಾಕಿದರಾಯಿತು ಎನ್ನುತ್ತ ಶುಕ್ರವಾರ ಮಧ್ಯಾಹ್ನದವರೆಗೂ ಬಂದಿದ್ದೆ. ಅಪ್ಪ ಮಗಳು ಕಾಗದಪತ್ರ ಹಿಡಿದು ಎದುರಿಗೇ ಕೂತಿದ್ದರು. ವಸುಧಾ ಟೀಚರು ಕಂಪ್ಯೂಟರಿನಲ್ಲಿ ನಿಷತಳ ಸಂಖ್ಯೆ ಒತ್ತಿದರು. ಅದನ್ನು ಒತ್ತಿದರೆ ಮಗುವಿನ ವಿವರವೆಲ್ಲ ನಮ್ಮ ತಾಣದಿಂದ ತಾನೇ ಬರುತ್ತದೆ. ಅರ್ಜಿ ತಿರಸ್ಕಾರವಾಯಿತು.

“ವಯಸ್ಸು ಮೀರೈತಿ ಅಂತ ತೋರಸಾಕತ್ತೈತ್ರಿ ಸರ.”

“ಎಷ್ಟು ತೋರಸ್ತೈತಿ?”

“ಇಪ್ಪತ್ನಾಕ. ನನ್ನಕಿಂತ ಒಂದ್ ವರ್ಷ ಸಣ್ಣಾಕಿ!”

ಅಯ್ಯೋ ವಿಠ್ಠಲಾ! ವಸುಧಾ ಟೀಚರು ಉಳಿದ ಮಕ್ಕಳ ವಿವರವನ್ನೂ ತೆರೆದರು. ಗೈಬುಸಾಬನ ಮೊಮ್ಮಗ ಮೂರನೆಯದರಿಂದ ನಾಲ್ಕನೇ ತರಗತಿಗೆ ತಾನೇ ಪಾಸಾಗಿದ್ದ. ಅನಿಲಕುಮಾರನ ಮಗನ ಫೋಟೊದಲ್ಲಿ ಸೂಟು, ಕಪ್ಪು ಕನ್ನಡಕ ಬಂದಿದ್ದವು. ಊರಿಗೆ ಊರೇ ಮಾಸ್ತರಿಕೆ ಮಾಡಿತ್ತು.

ಎದುರಿಗೆ ಬಾಬುಲಾಲ ತಲೆ ಕೆರೆಯುತ್ತಿದ್ದ.

“ಬಾಬುಲಾಲ, ಖರೇ ಹೇಳು. ಏನ್ ಮಾಡಿದಿ?”

“ತಪ್ಪಾತ್ರಿ ಸರ. ನಮ್ಮವ್ವ ಜನ್ನತಬಿ ದಿನಾ ಒಂದ ಹಟಾ ಹಿಡಿದಿದ್ಲು. ‘ಕೂಸು ಹುಟ್ಟಿದ್ದು ಬಾವಿಗೆ ನೀರ ಬಿದ್ದ ವರ್ಷ, ಸಾಲ್ಯಾಗ ಒಂದ್ ವರ್ಷ ತಪ್ಪ ಬರದಾರ, ತಿದ್ದಸು’ ಅಂತ. ಗೋಡಿ ಮ್ಯಾಲ ಎಲ್ಲಾ ಬರದಿದ್ರಲ್ರಿ, ಅಲ್ಲೇ ನಿಂತು ಮೊಬೈಲನ್ಯಾಗ ಆ ತಾಣಾ ತೆಗದೆ. ವರ್ಷದ ಪಟ್ಟಿ ಸರ್ರಂತ ಜಾರಿಬಿಡ್ತು. ಎಲ್ಲಿ ನಿಂತಿತೋ ನೋಡ್ಲಿಲ್ರಿ, ಒತ್ತಿಬಿಟ್ಟೆ.”

ಬೈಯಬೇಕೆಂದು ಬಾಯಿ ತೆರೆದೆ. ಯಾರನ್ನು ಬೈಯಲಿ? ಗಿಳಿ ಬಿಡಿಸಿ ಕರೆದವನು ನಾನೇ ಅಲ್ಲವೇ?

ನಿಷತ ಮೆಲ್ಲಗೆ ಕೇಳಿದಳು, “ಸರ, ಹಂಗಾರ ನಾ ಪರೀಕ್ಷಿಗೆ ಕೂಡೂದಿಲ್ಲೇನ್ರಿ?”

ನನಗೆ ಅವಳ ಮುಖ ನೋಡಲಾಗಲಿಲ್ಲ. ತುಂಬ ನಾಚಿಕೆಯಾಯಿತು.

ಹುಟ್ಟಿದ ದಿನಾಂಕವನ್ನು ಶಾಲೆಯಿಂದ ಒಂದೇ ಸಲ ತಿದ್ದಬಹುದು, ಮತ್ತೆ ಸರಿಪಡಿಸಲು ಇಂಡಿಯ ಶಿಕ್ಷಣ ಕಚೇರಿಯಲ್ಲಿ ಒಪ್ಪಿಗೆ ಬೇಕು. ಆಗಲೇ ಮೂರೂವರೆ. ಹೊರಡುವ ಮುಂಚೆ ವಸುಧಾ ಟೀಚರು ಕಾಂಪೌಂಡಿಗೆ ಬಣ್ಣ ಬಳಿಯುತ್ತಿದ್ದ ದಾವಲಮಲಿಕನಿಗೆ ಏನೋ ಹೇಳಿದರು. ಬಾಬುಲಾಲನ ಮೂರು ಗಾಲಿಯ ಟಂಟಂ ಗಾಡಿ ಹತ್ತಿದೆವು. ದಾಖಲಾತಿ ರಿಜಿಸ್ಟರನ್ನು ಎದೆಗವಚಿಕೊಂಡು ನಾನು ಲಿಂಬೆ ಚೀಲದ ಮೇಲೆ ಕೂತೆ. ಇಂಡಿ ಮುಟ್ಟುವಷ್ಟರಲ್ಲಿ ನನ್ನ ಧೋತರ ಅರ್ಧ ಉಪ್ಪಿನಕಾಯಿಯಾಗಿತ್ತು.

ಕಚೇರಿಯ ಸಾಹೇಬರು ಒಳ್ಳೆಯವರು. ರಿಜಿಸ್ಟರು, ಜನನ ಪ್ರಮಾಣಪತ್ರ ಎರಡನ್ನೂ ನೋಡಿ ಒಪ್ಪಿದರು.

“ಆತ್ರಿ ಮಾಸ್ತರ. ನಿಮ್ಮ ಪಾಸ್‌ವರ್ಡ್ ಹಾಕಿ ತೆಗೀರಿ, ತಿದ್ದಿಬಿಡೂಣು.”

ಪಾಸ್‌ವರ್ಡ್! ಅದು ಗೋಡೆಯ ಮೇಲಿತ್ತು. ತಕ್ಷಣ ದಾವಲಮಲಿಕನಿಗೆ ಫೋನು ಹಚ್ಚಿದೆ.

“ದಾವಲಮಲಿಕ, ಆ ಗಿಳಿ ನಡುವ ಏನೈತಿ, ಲಗೂನ ಓದು!”

“ಏನೂ ಇಲ್ರಿ ಸರ. ಅಕ್ಕೋರು ಹೇಳ್ಯಾರಂತ ಸುಣ್ಣಾ ಬಡದೇನಿ. ಗಿಳಿ ಅಷ್ಟ ಉಳಿಸೇನ್ರಿ.”

ಗಡಿಯಾರದಲ್ಲಿ ಐದಕ್ಕೆ ಹತ್ತು ನಿಮಿಷ. ಬಾಬುಲಾಲ ಅಳುವ ಹಾಗಾದ. ವಸುಧಾ ಟೀಚರು ಮಾತ್ರ ನಕ್ಕರು.

“ಹಳೇದು ಸಿಕ್ರೂ ಬ್ಯಾಡ್ರಿ ಸರ, ಅದು ಊರಿಗೆಲ್ಲಾ ಗೊತ್ತೈತಿ. ‘ಮರೆತಿದ್ದೇನೆ’ ಅನ್ನೂದು ಒತ್ರಿ. ನಿಮ್ಮ ಫೋನಿಗೆ ಓಟಿಪಿ ಬರ್ತೈತಿ, ಹೊಸಾದು ಹಾಕೂಣು.”

ಓಟಿಪಿ ಬಂತು. ಖುಷಿಗೆ ನಾನು ತರಗತಿಯಲ್ಲಿ ಮಗ್ಗಿ ಹೇಳಿಸುವ ದನಿಯಲ್ಲಿ ಶುರು ಮಾಡಿದೆ: “ನಾಕು! ಏಳು!”

“ಸರ! ಮನಸಿನ್ಯಾಗ ಓದ್ರಿ!” ಎಂದು ಅವರು ಕೈಮುಗಿದರು. ಇಡೀ ಕಚೇರಿ ನಕ್ಕಿತು, ಸಾಹೇಬರೂ ನಕ್ಕರು.

ಹೊಸ ಪಾಸ್‌ವರ್ಡನ್ನು ನಾನೇ, ಯಾರಿಗೂ ಕಾಣದಂತೆ ಹಾಕಿದೆ. ನನಗೆ ಮರೆಯಲಾಗದಂಥದ್ದು, ಇನ್ನೊಬ್ಬರಿಗೆ ಹೊಳೆಯದಂಥದ್ದು. ದಿನಾಂಕ ಸರಿಯಾಯಿತು. ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ನಿಷತಳ ಅರ್ಜಿ ಹೋಯಿತು. ಅವಳು ಪರೀಕ್ಷೆ ಬರೆದು ಪಾಸಾಗಿ ಈಗ ವಸತಿ ಶಾಲೆಯಲ್ಲಿ ಆರನೇ ತರಗತಿ ಓದುತ್ತಿದ್ದಾಳೆ. ಗೈಬುಸಾಬನ ಮೊಮ್ಮಗನನ್ನು ಮೂರನೆಯದಕ್ಕೆ ವಾಪಸ್ಸು ಇಳಿಸಿದೆವು, ಅಜ್ಜ ಎಂಟು ದಿನ ಮಾತು ಬಿಟ್ಟಿದ್ದ.

ಮೊನ್ನೆ ಜನ್ನತಬಿ ಶಾಲೆಗೆ ಬಂದರು. “ಮಾಸ್ತರ, ಮೊಮ್ಮಗಳದು ಒಂದ್ ವರ್ಷ ತಿದ್ದೂದು ಹಂಗ ಉಳೀತಲ್ರಿ. ಗಿಳಿ ನಡುವ ಬರದಿದ್ರಲ್ಲ, ಅದು ಈಗ ಏನೈತಿ?”

“ಹೇಳೂದಿಲ್ಲಬೇ ಯವ್ವಾ. ನನ್ನ ಹೆಣ್ತಿಗೂ ಹೇಳಿಲ್ಲ.”

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರೆ. ನನ್ನದು ಹಾಗಾಗುವುದು ಹತ್ತೇ ನಿಮಿಷದ ಅಂತರದಲ್ಲಿ ತಪ್ಪಿತು. ನಿಮಗೆ ಆ ಹತ್ತು ನಿಮಿಷವೂ ಸಿಗಲಿಕ್ಕಿಲ್ಲ. ಅದಕ್ಕೇ ಹೇಳುತ್ತೇನೆ: ಇದನ್ನು ಓದುತ್ತಿರುವ ಮಾಸ್ತರರೇ, ಅಕ್ಕೋರೇ, ಅಂಗನವಾಡಿ ತಾಯಂದಿರೇ, ಈಗಲೇ ಎದ್ದು ಮೇಜಿನ ಗಾಜಿನ ಕೆಳಗೆ, ಮೊಬೈಲ್ ಕವರಿನ ಹಿಂದೆ, ಗೋಡೆಯ ಮೇಲೆ ಒಮ್ಮೆ ನೋಡಿ. ಅಲ್ಲಿ ಪಾಸ್‌ವರ್ಡ್ ಇದ್ದರೆ ಅಳಿಸಿ, ಹೊಸದು ಹಾಕಿ. ಓಟಿಪಿಯನ್ನು ಯಾರು ಕೇಳಿದರೂ ಹೇಳಬೇಡಿ, ನನ್ನ ಹಾಗೆ ಕೂಗಿಯಂತೂ ಹೇಳಬೇಡಿ. ಪಾಲಕರೇ, ಮಗುವಿನ ವಿವರದಲ್ಲಿ ತಪ್ಪಿದ್ದರೆ ಕಾಗದ ಹಿಡಿದು ಶಾಲೆಗೆ ಬನ್ನಿ, ನೀವೇ ತಿದ್ದಲು ಹೋಗಬೇಡಿ. ಆ ಪಾಸ್‌ವರ್ಡಿನ ಹಿಂದೆ ಇರುವುದು ಬರೀ ಹೆಸರು, ಹಾಜರಿ ಅಲ್ಲ. ಪರೀಕ್ಷೆಗೆ ಕೂಡುತ್ತೇನೋ ಇಲ್ಲವೋ ಎಂದು ನಿಮ್ಮ ಮುಖ ನೋಡುತ್ತಾ ನಿಂತಿರುವ ಒಂದು ಕೂಸು.