ಬೆಳ್ಳಿ ಹೂವಿನ ಬಂದೂಕು

ಪುಣೆಯ ಭವಾನಿ ಪೇಠೆಯಲ್ಲಿ ಬೆಲ್ಲದ ವ್ಯಾಪಾರಿ ಶಿವಪುತ್ರಪ್ಪ ಯಾರೆಂದು ಕೇಳಿದರೆ ನಾಲ್ಕು ಮಂದಿ ನಾಲ್ಕು ದಿಕ್ಕಿಗೆ ಕೈ ತೋರಿಸುತ್ತಿದ್ದರು. ಬಂದೂಕಿನ ಶಿವಪುತ್ರಪ್ಪ ಎಂದರೆ ಮಾತ್ರ ನೇರವಾಗಿ ಅವನ ಬಾಗಿಲಿಗೇ ತಂದು ನಿಲ್ಲಿಸುತ್ತಿದ್ದರು. ಬೈಲಹೊಂಗಲದ ಕಡೆಯಿಂದ ಹುಡುಗನಾಗಿದ್ದಾಗಲೇ ಬಂದು ಇಲ್ಲಿ ಬೇರೂರಿದ ಮನುಷ್ಯ. ಕೆಳಗೆ ಅಂಗಡಿ, ಮೇಲೆ ಮನೆ. ಮನೆಯ ಉದ್ದನೆಯ ಪಡಸಾಲೆಯ ಗೋಡೆಯ ತುಂಬ ಹಳೆಯ ಬಂದೂಕುಗಳು: ಬತ್ತಿ ಹಚ್ಚಿ ಹಾರಿಸುವವು, ಚಕಮಕಿ ಕಲ್ಲಿನವು, ತಾಮ್ರದ ಟೋಪಿ ಹಾಕಿ ಅದರ ಮೇಲೆ ಕುದುರೆಯೆಂಬ ಸಣ್ಣ ಸುತ್ತಿಗೆ ಬೀಳಿಸುವವು. ಕಲೆಕ್ಟರ್ ಕಚೇರಿಯ ಪರವಾನಗಿ ಇಲ್ಲದೆ ಒಂದನ್ನೂ ಅವನು ಹೊಸ್ತಿಲು ದಾಟಿಸಿದವನಲ್ಲ.

ಈ ಹುಚ್ಚು ಹತ್ತಿದ್ದು ದೌಂಡದಲ್ಲಿ. ಹರೆಯದಲ್ಲಿ ಬೆಲ್ಲ ನೋಡಲು ಹೋದಾಗ, ಕಬ್ಬಿನ ರೈತನೊಬ್ಬನ ದನದ ಕೊಟ್ಟಿಗೆಯ ಬಾಗಿಲಿಗೆ ಅಗಳಿಯ ಬದಲು ಒಂದು ಬಂದೂಕನ್ನು ಆನಿಸಿದ್ದು ಕಂಡಿತು. ಅದನ್ನು ಕೇಳಿ ಪಡೆದು ಮನೆಗೆ ತಂದವನೇ ಹುಣಸೆಹಣ್ಣು, ಇಟ್ಟಂಗಿ ಪುಡಿ ಹಾಕಿ ತಿಕ್ಕಿ ತಿಕ್ಕಿ ಹಬ್ಬದ ತಂಬಿಗೆಯ ಹಾಗೆ ಫಳಫಳ ಹೊಳೆಯಿಸಿದ. ಜಹಗೀರದಾರರೊಬ್ಬರ ಶಸ್ತ್ರಾಗಾರ ಕಾಯ್ದು ಮುದುಕನಾಗಿದ್ದ ಕೃಷ್ಣಾಜಿ ಪಕ್ಕದ ಓಣಿಯಲ್ಲಿದ್ದ. ಅವನಿಗೆ ತೋರಿಸಿದರೆ, ಮುದುಕ ಹಣೆ ಚಚ್ಚಿಕೊಂಡು ಮರಾಠಿಯಲ್ಲಿ ಮಂಗಳಾರತಿ ಎತ್ತಿದ. ನೂರು ವರ್ಷ ಗಾಳಿ ಬಿಸಿಲು ಉಂಡು ಕಬ್ಬಿಣಕ್ಕೆ ಬಂದ ಮೈಬಣ್ಣವನ್ನು ಒಂದೇ ದಿನದಲ್ಲಿ ತೊಳೆದು ಗಟಾರಕ್ಕೆ ಬಿಟ್ಟೆಯಲ್ಲೋ, ಇನ್ನು ಇದು ಯಾವ ಊರಿನದು, ಯಾರು ಮಾಡಿದ್ದು ಎಂದು ಯಾವ ದೇವರು ಹೇಳಬೇಕು ಎಂದ. ಅಂದಿನಿಂದ ಶಿವಪುತ್ರಪ್ಪನ ಕೈಯಲ್ಲಿ ಮೆತ್ತನೆಯ ಬಟ್ಟೆ ಮತ್ತು ಎಣ್ಣೆ ಬಿಟ್ಟರೆ ಬೇರೇನೂ ಇರಲಿಲ್ಲ.

ಮುಂದೆ ದೊಡ್ಡ ಯುದ್ಧವೊಂದರಲ್ಲಿ ಶೂರನೊಬ್ಬ ಹಿಡಿದದ್ದೆಂಬ ಬಂದೂಕನ್ನು, ಕಣ್ಣೀರು ತರಿಸುವ ಕತೆಯ ಸಮೇತ ಕೊಂಡು ತಂದ. ಅದರ ಕೀಲಿನ ಮೇಲೆ ವಿಲಾಯತಿಯ ಮುದ್ರೆಯಿತ್ತು. ಆ ಮುದ್ರೆಯಲ್ಲಿದ್ದ ಇಸವಿ ಯುದ್ಧ ಮುಗಿದು ನಲವತ್ತು ವರ್ಷಗಳ ನಂತರದ್ದು! ಪೇಠೆಯೆಲ್ಲ ನಕ್ಕಿತು. ಶಿವಪುತ್ರಪ್ಪನೂ ಕೊನೆಗೆ ನಕ್ಕ. ಬಂದೂಕು ನೋಡಿ ಕೊಳ್ಳಬೇಕು, ಕತೆ ಕೇಳಿ ಕೊಳ್ಳಬಾರದು ಎಂಬುದು ತಲೆಯಲ್ಲಿ ಗಟ್ಟಿಯಾಗಿ ಕೂತಿತು.

ಮೂರನೆಯ ಪಾಠ ಕಲಿಸಿದವಳು ಅವನ ಹೆಂಡತಿ ಸಾವಂತ್ರವ್ವ. ಹೊಸದಾಗಿ ತಂದ ಒಂದನ್ನು ಗೋಡೆಗೆ ಒರಗಿಸಲು ಎತ್ತಿದವಳು, "ಏನ್ರೀ, ಇದರ ಹೊಟ್ಟ್ಯಾಗ ಏನೋ ಅದ. ತೂಕ ಬ್ಯಾರೇನೇ ಹತ್ತತದ," ಎಂದಳು. ಅವನು ನಂಬಲಿಲ್ಲ. ಕೃಷ್ಣಾಜಿ ಬಂದು ನಳಿಗೆಯೊಳಗಿಂದ ಯಾರೋ ಸತ್ತುಹೋದವರು ತುಂಬಿಟ್ಟಿದ್ದ ಮದ್ದು, ಗುಂಡು ಎಲ್ಲ ತೆಗೆದ. ಆ ಮದ್ದನ್ನು ಹಿತ್ತಲಿನ ಕಲ್ಲಿನ ಮೇಲೆ ಸುರಿದು ಕೊಳ್ಳಿ ಮುಟ್ಟಿಸಿದರೆ ಭುಗ್ಗೆಂದು ಎದ್ದಿತು! ಅವತ್ತು ಸಾವಂತ್ರವ್ವ ಮನೆಗೆ ಕಾಯಿದೆ ಮಾಡಿದಳು. ಹೊಟ್ಟೆ ನೋಡದೆ ಯಾವ ಬಂದೂಕೂ ಒಳಗೆ ಬರಕೂಡದು. ಬಂದದ್ದರ ಬಾಯಿ ಮನುಷ್ಯರ ಕಡೆಗೆ ತಿರುಗಕೂಡದು. ಆ ಕಾಯಿದೆಯನ್ನು ಮುರಿಯುವ ಧೈರ್ಯ ಆ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಇಷ್ಟೆಲ್ಲ ಕಲಿತ ಮೇಲೆ ಅವನ ಪಾಲಿಗೆ ಬಂದದ್ದು ಬೆಳ್ಳಿ ಹೂವಿನ ಬಂದೂಕು. ಶನಿವಾರ ಪೇಠೆಯ ಹಳೆಯ ವಾಡೆಯೊಂದರಲ್ಲಿ ಗೋದಾಬಾಯಿ ಎಂಬ ಮುದುಕಿ ಅದನ್ನು ಇಟ್ಟುಕೊಂಡಿದ್ದಳು. ಕೊಳ್ಳುವವರು ಎಷ್ಟೋ ಜನ ಬಂದು ಹೋಗಿದ್ದರು. ಶಿವಪುತ್ರಪ್ಪ ಪ್ರತಿ ದಸರೆಗೆ ಹೋಗಿ, ಅದಕ್ಕೆ ಎಣ್ಣೆ ಹಚ್ಚಿ, ಕೈ ಮುಗಿದು ಬರುತ್ತಿದ್ದ. ಕೊಡು ಎಂದು ಒಮ್ಮೆಯೂ ಬಾಯಿ ಬಿಡಲಿಲ್ಲ. ಹಲವು ದಸರೆಗಳಾದ ಮೇಲೆ ಮುದುಕಿ ತಾನಾಗಿಯೇ, ನನ್ನ ಹಿಂದೆ ಇದನ್ನು ನೋಡಿಕೊಳ್ಳುವವನು ನೀನೊಬ್ಬನೇ, ಒಯ್ಯಿ ಎಂದಳು. ಆಳೆತ್ತರದ ನಳಿಗೆ. ಅದರ ಬುಡದಿಂದ ಬಾಯಿಯವರೆಗೆ ಕಬ್ಬಿಣದಲ್ಲಿ ಕೂಡಿಸಿದ ಸಣ್ಣ ಸಣ್ಣ ಬೆಳ್ಳಿ ಹೂಗಳು, ಬಳ್ಳಿಗಳು. ಮನೆಗೆ ಬಂದವರಿಗೆಲ್ಲ ಶಿವಪುತ್ರಪ್ಪ ಅದನ್ನು ಇಳಿಸಿ ತೋರಿಸುತ್ತಿದ್ದ. "ಇವತ್ತು ಮದ್ದು ತುಂಬ್ರಿ, ಇವತ್ತೇ ಹುಲಿ ಬೀಳತದ," ಎಂದು ಮೀಸೆ ತಿರುವುತ್ತಿದ್ದ.

ಒಬ್ಬ ಕೃಷ್ಣಾಜಿ ಮಾತ್ರ ಸಾಯುವುದಕ್ಕೆ ಮೊದಲು ಅದರ ನಳಿಗೆಯನ್ನು ಬೆರಳಿನ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತ ಬಂದು, ಬುಡದ ಹತ್ತಿರ ಒಂದು ಕಡೆ ಸುಮ್ಮನೆ ನಿಂತುಬಿಟ್ಟಿದ್ದ. ಎಲ್ಲ ಕಡೆ ಟಣ್ ಎಂದದ್ದು ಅಲ್ಲಿ ದೊಪ್ ಎಂದಿತ್ತು. ಶಿವಪುತ್ರಪ್ಪ ಏನು ಎಂದು ಕೇಳಲಿಲ್ಲ. ಚಹಾ ತರಿಸಿದ.

ಸಾವಿರದ ಒಂಬೈನೂರ ನಲವತ್ತೆರಡರ ಆಗಸ್ಟ್ ಬಂತು. ಪುಣೆಯ ಬೀದಿಗಳಲ್ಲಿ ಘೋಷಣೆ, ಲಾಠಿ, ಮುಚ್ಚಿದ ಅಂಗಡಿಗಳು. ಪೊಲೀಸರು ಬಂದು ಪಡಸಾಲೆಯ ಗೋಡೆ ನೋಡಿದರು. ಅವರಲ್ಲಿದ್ದ ಗೋರಾ ಸಾರ್ಜೆಂಟ್ ಒಂದು ಬತ್ತಿ ಬಂದೂಕಿನ ಕೀಲನ್ನು ಮಗುವಿನ ಕಿವಿಯಂತೆ ಹಿಂಡಿ, ಆಟಿಕೆ ಸಾಮಾನು ಎಂದು ನಗುತ್ತ ಇಳಿದು ಹೋದ. ಆ ನಗು ಶಿವಪುತ್ರಪ್ಪನಿಗೆ ಎರಡು ದಿನ ಊಟ ಸೇರದ ಹಾಗೆ ಮಾಡಿತು.

ಅದೇ ವಾರ, ನಡು ಮಧ್ಯಾಹ್ನ, ಎದುರು ಮನೆಯ ರಾಧಾಬಾಯಿಯ ಮಗ ಏಕನಾಥ ಮಾಳಿಗೆ ಹತ್ತಿ ಬಂದ. ಶಿವಾಜಿನಗರದ ಕಡೆ ಕಾಲೇಜಿಗೆ ಹೋಗುತ್ತಿದ್ದವನು, ಈಗ ಕಾಲೇಜು ಬಿಟ್ಟು ಚಳವಳಿಗೆ ಇಳಿದಿದ್ದ. ಸಾವಂತ್ರವ್ವನ ಅಡುಗೆಮನೆಯಲ್ಲಿ ರೊಟ್ಟಿ ತಿಂದೇ ಬೆಳೆದವನಾದ್ದರಿಂದ ಅವನ ಕನ್ನಡದಲ್ಲಿ ಬೈಲಹೊಂಗಲದ ವಾಸನೆಯೇ ಇತ್ತು.

"ಕಾಕಾ, ನನಗ ಬಂದೂಕು ಬೇಕು," ಎಂದ ನಿಂತಲ್ಲೇ.

"ಯಾತಕ್ಕೋ?"

"ಯಾತಕ್ಕಂತ ನಿಮಗ ಗೊತ್ತದ. ನಾವು ನಾಕು ಮಂದಿ ಇದ್ದೀವಿ. ಉಳದವು ಹ್ಯಾಂಗರೆ ಇರಲಿ, ಬೆಳ್ಳಿ ಹೂವಿಂದು ಕೊಡ್ರಿ."

"ಅವು ಹಳೇವಪಾ. ಹಾರಸಿದವನ ಮಾರೀಗೇ ಒಡೀತಾವು."

"ಹುಲಿ ಬೀಳತದ ಅಂತ ಊರಿಗೆಲ್ಲಾ ಹೇಳಿದವ್ರು ನೀವೇ ಅಲ್ರೀ ಕಾಕಾ? ಹುಲಿ ಬೀಳೂದಾದ್ರ ಸಾರ್ಜೆಂಟ್ ಯಾಕ ಬೀಳೂದಿಲ್ಲ?" ಏಕನಾಥ ಮೆಟ್ಟಿಲ ಕಡೆ ತಿರುಗಿದ. "ಅಂಜಿಕಿ ಅಂತ ಹೇಳಿಬಿಡ್ರಿ. ನಾ ಬ್ಯಾರೆ ಕಡೆ ಹುಡುಕ್ತೀನಿ. ಹಳೇ ಬಂದೂಕು ಈ ಊರಾಗ ವಾಡೇಕ್ಕೊಂದು ಅವ."

ಅವನು ದಡದಡ ಮೆಟ್ಟಿಲು ಇಳಿದ. ಶಿವಪುತ್ರಪ್ಪ ಬೆಳ್ಳಿ ಹೂವಿನ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡು ಕೂತ. ಬುಡದ ಆ ಜಾಗವನ್ನು ತಟ್ಟಿದ. ದೊಪ್ ಎಂದಿತು. ಕಬ್ಬಿಣದ ಪಟ್ಟಿಯನ್ನು ಸುತ್ತಿ, ಕಾಯಿಸಿ, ಬಡಿದು ಬೆಸೆದ ನಳಿಗೆ ಅದು. ಬೆಸುಗೆ ಅಲ್ಲಿ ಬಿಟ್ಟಿರಬಹುದು, ಬಿಟ್ಟಿರಲಿಕ್ಕೂ ಇಲ್ಲ. ಬೆಳ್ಳಿ ಹೂಗಳು ಎಲ್ಲವನ್ನೂ ಮುಚ್ಚಿಕೊಂಡು ನಗುತ್ತಿದ್ದವು.

ಸಾವಂತ್ರವ್ವ ಒಳಗಿನಿಂದ ಎಲ್ಲ ಕೇಳಿದ್ದಳು. ಬಂದು ಎದುರಿಗೆ ಕೂತಳು. "ಅವ ಬಿಡೂ ಹುಡುಗ ಅಲ್ಲ. ಎಲ್ಲೆರೆ ಒಂದು ಹುಡುಕಿ, ಕೈಯಾಗ ಒಡಕೊಂಡು ಸಾಯ್ತಾನ. ಬಾಯಿಲೆ ಹೇಳಿದ್ದು ಈ ವಯಸ್ಸಿನವ್ರ ಕಿವಿಗೆ ಬೀಳೂದಿಲ್ಲ. ಕಣ್ಣಿಗೆ ತೋರಸ್ರಿ."

"ದೌಂಡದ್ದು ಒಯ್ದು ತೋರಸ್ತೀನಿ. ಹ್ಯಾಂಗೂ ಅದು ಹಾಳಾಗೇದ."

"ಅದು ಒಡೀತಂದ್ರ, ಅದು ಕೆಟ್ಟದ್ದಿತ್ತು, ಬೆಳ್ಳಿ ಹೂವಿಂದು ಒಡೀತಿದ್ದಿಲ್ಲ ಅಂತಾನ. ಅವ ಕೇಳಿದ್ದು ಯಾವುದನ್ನ?"

ಶಿವಪುತ್ರಪ್ಪ ಬೆಳ್ಳಿ ಹೂಗಳ ಮೇಲೆ ಬೆರಳಾಡಿಸಿದ. ಆಮೇಲೆ, "ಮತ್ತ ಒಡೀಲಿಲ್ಲ ಅಂದ್ರ?" ಎಂದ.

"ಒಡೀಲಿಲ್ಲ ಅಂದ್ರ ನಿಮ್ಮ ಮಾತು ಖರೇ ಆತು. ಆವಾಗಿನ ವಿಚಾರ ಆವಾಗ ಮಾಡೂಣು."

ರಾಂಜಣಗಾಂವದ ಆಚೆ ಗೂಳಪ್ಪ ಎಂಬ ಬಾಗಲಕೋಟೆ ಕಡೆಯ ಗುತ್ತಿಗೆದಾರ ಭಾವಿ ತೋಡಿಸುತ್ತಿದ್ದ. ಬಂಡೆ ಸಿಡಿಸಲು ಸರಕಾರದ ಪರವಾನಗಿಯ ಮದ್ದು ಅವನ ಹತ್ತಿರವಿತ್ತು. ದಿನಕ್ಕೆ ನಾಲ್ಕಾರು ಸಲ ಅಲ್ಲಿ ಢಮ್ ಎನ್ನುವುದರಿಂದ ಇನ್ನೊಂದು ಸದ್ದಾದರೆ ಯಾರೂ ತಲೆ ಎತ್ತಿ ನೋಡುವಂತಿರಲಿಲ್ಲ. ಮಾರನೆಯ ದಿನ ಶಿವಪುತ್ರಪ್ಪ ಏಕನಾಥನನ್ನು ಕರೆದು, "ಬಾ, ನಿನ್ನ ಬಂದೂಕು ಪರೀಕ್ಷಾ ಮಾಡೂಣು. ತಾಳಿತಂದ್ರ ಆಮ್ಯಾಲ ಮಾತು," ಎಂದ. ಹುಡುಗನ ಮುಖ ಅರಳಿತು. ಬಂದೂಕನ್ನು ಸಾವಂತ್ರವ್ವ ತನ್ನ ಕೌದಿಯಲ್ಲಿ ಸುತ್ತಿದಳು. ರಾಂಜಣಗಾಂವದ ಗಣಪತಿಯ ದರ್ಶನಕ್ಕೆ ಹೊರಟವರ ಹಾಗೆ ಮೂವರೂ ಬುತ್ತಿ ಕಟ್ಟಿಕೊಂಡು ಹೊರಟರು. ದಾರಿಯಲ್ಲಿ ಏಕನಾಥ ಹಾಡುತ್ತಲೇ ಇದ್ದ. ಶಿವಪುತ್ರಪ್ಪ ಕೌದಿಯ ಮೇಲೆ ಕೈ ಇಟ್ಟುಕೊಂಡು ಹೊಲಗಳನ್ನು ನೋಡುತ್ತಿದ್ದ.

ಎಲ್ಲ ಕೇಳಿದ ಗೂಳಪ್ಪ ಮೊದಲು ಒಪ್ಪಲಿಲ್ಲ. "ಸಾಹುಕಾರ್ರ, ಇಂಥಾ ವಸ್ತು ಸುಡಬ್ಯಾಡ್ರಿ. ಬೆಳ್ಳಿ ನೋಡ್ರಿ ಹ್ಯಾಂಗ ಅದ," ಎಂದ. ಶಿವಪುತ್ರಪ್ಪ ತಲೆ ಅಲ್ಲಾಡಿಸಿದ. ಭಾವಿಯಿಂದ ಕಿತ್ತು ಹಾಕಿದ ಎರಡು ಬಂಡೆಗಳ ನಡುವೆ ಬಂದೂಕನ್ನು ಹಗ್ಗದಿಂದ ಬಿಗಿದರು. ಹಾರಿಸುವವನ ತಲೆ ಎಲ್ಲಿ ಇರುತ್ತದೋ ಅಲ್ಲಿ ಗೂಟ ನೆಟ್ಟು, ಸಾವಂತ್ರವ್ವನ ಮಾತಿನಂತೆ ಒಂದು ಮಣ್ಣಿನ ಗಡಿಗೆ ಕವುಚಿದರು. ಏಕನಾಥ ನಗುತ್ತ ತನ್ನ ಬಿಳಿ ಟೋಪಿ ತೆಗೆದು ಗಡಿಗೆಗೆ ಹಾಕಿದ. "ಕಾಕಾ, ಇವನೇ ಏಕನಾಥ," ಎಂದ.

ಶಿವಪುತ್ರಪ್ಪ ಕೊನೆಯ ಸಲ ಬಟ್ಟೆಯಿಂದ ನಳಿಗೆಯನ್ನು ಒರೆಸಿದ. ಸಿಪಾಯಿಯೊಬ್ಬ ಹಾಕುವಷ್ಟೇ ಮದ್ದು, ಹೆಚ್ಚಿಲ್ಲ, ಕಡಿಮೆಯಿಲ್ಲ. ಹಾಗೆ ಮಾಡಿದರೆ ಮಾತ್ರ ಪರೀಕ್ಷೆ ಎಂದ. ಗೂಳಪ್ಪ ಉದ್ದನೆಯ ಬತ್ತಿ ಹಚ್ಚಿ ಓಡಿ ಬಂದು ಇವರ ಜೊತೆ ಬಂಡೆಯ ಹಿಂದೆ ಕೂತ. ಆ ಒಂದು ಗಳಿಗೆಯಲ್ಲಿ ಶಿವಪುತ್ರಪ್ಪನಿಗೆ ತಾನು ಏನನ್ನು ಬೇಡಿಕೊಳ್ಳುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ತಾಳಲಿ ಎಂದು ಒಂದು ಮನಸ್ಸು. ಒಡೆಯಲಿ ಎಂದು ಇನ್ನೊಂದು.

ನೆಲ ನಡುಗಿತು. ಕಲ್ಲು ಮಣ್ಣು ಮಳೆಯಂತೆ ಸುರಿದವು. ಹೊಗೆ ಸರಿದ ಮೇಲೆ ನೋಡಿದರೆ ನಳಿಗೆಯ ಬುಡ ಬಾಳೆಹೂವಿನ ಹಾಗೆ ಬಿರಿದು ನಿಂತಿತ್ತು. ಹಿಡಿಯ ಕಟ್ಟಿಗೆ ಕಾಣಲೇ ಇಲ್ಲ. ಗಡಿಗೆ ಚೂರು ಚೂರು. ಗೂಟದ ಹಿಂದಿದ್ದ ಜಾಲಿಯ ಮರದಲ್ಲಿ ಬೆಳ್ಳಿ ಹೂಗಳಿದ್ದ ಕಬ್ಬಿಣದ ತುಂಡೊಂದು ನಾಟಿಕೊಂಡಿತ್ತು. ಅದರ ಅಡಿಯಲ್ಲಿ ಸಿಕ್ಕಿಬಿದ್ದ ಬಿಳಿ ಟೋಪಿ ಹೊಗೆಯಾಡುತ್ತಿತ್ತು.

ಏಕನಾಥ ಮರದ ಹತ್ತಿರ ಹೋಗಿ ನಿಂತ. ಅವನ ಕೈ ತಾನಾಗಿಯೇ ತನ್ನ ಕೆನ್ನೆ, ಕಣ್ಣು, ಹಣೆ ಎಲ್ಲವನ್ನೂ ಮುಟ್ಟಿ ಮುಟ್ಟಿ ನೋಡಿಕೊಂಡಿತು. ಆಮೇಲೆ ಅಲ್ಲೇ ನೆಲಕ್ಕೆ ಕುಸಿದ. ಸಾವಂತ್ರವ್ವ ಹೋಗಿ ಅವನ ತಲೆಯನ್ನು ತನ್ನ ಹೊಟ್ಟೆಗೆ ಒತ್ತಿಕೊಂಡಳು.

"ಮೌಶೀ, ಕಾಕಾನ ಬಂದೂಕು ಹೋತು," ಎಂದ ಅವನು, ಸಣ್ಣ ಹುಡುಗನ ಹಾಗೆ.

"ಹೋಗವಲ್ದ್ಯಾಕ, ನೀ ಇದ್ದೀಯಲ್ಲ," ಎಂದಳು.

ಶಿವಪುತ್ರಪ್ಪ ಚೂರುಗಳನ್ನು ಒಂದೊಂದಾಗಿ ಆರಿಸಿ ಕೌದಿಯಲ್ಲಿ ಹಾಕುತ್ತಿದ್ದ. ಕೈಗೆ ಬಿಸಿ ಹತ್ತಿದರೂ ಬಿಡಲಿಲ್ಲ. ಒಳಗಿನ ಬೆಸುಗೆಯ ಗೆರೆ ಈಗ ಬಿಸಿಲಿಗೆ ಬಿದ್ದು ಸ್ಪಷ್ಟವಾಗಿ ಕಾಣುತ್ತಿತ್ತು, ಒಂದು ಬೆರಳಿನಷ್ಟು ಉದ್ದ, ತುಕ್ಕು ಹಿಡಿದು ಕಪ್ಪಾಗಿದ್ದ ಗೆರೆ. ಅವನಿಗೆ ಅಳು ಬರಬೇಕಿತ್ತು. ಬದಲಿಗೆ ಎದೆ ಹಗುರಾಗಿ, ಏನೋ ಒಂದು ಹೆಮ್ಮೆ ಉಕ್ಕಿ ಬಂತು. ಹುಲಿಯನ್ನು ಹೊಡೆದರೂ ಈ ಬಂದೂಕು ಇಷ್ಟು ದೊಡ್ಡ ಕೆಲಸ ಮಾಡಿದಂತಾಗುತ್ತಿರಲಿಲ್ಲ ಅನ್ನಿಸಿತು.

ಏಕನಾಥ ತನ್ನ ಗೆಳೆಯರನ್ನು ಕರೆತಂದು ಆ ಚೂರುಗಳನ್ನು ತೋರಿಸಿದ. ಬಂದೂಕಿನ ಮಾತು ಅಲ್ಲಿಗೆ ಮುಗಿಯಿತು. ಹುಡುಗರು ಮಾತ್ರ ಮನೆಯಲ್ಲಿ ಕೂರಲಿಲ್ಲ. ಬಾವುಟ ಹಿಡಿದು ಹಗಲು ಬೆಳಕಿನಲ್ಲೇ ಬೀದಿಗೆ ಇಳಿದು, ಲಾಠಿ ತಿಂದು, ಯರವಡೆಯ ಜೈಲು ಸೇರಿದರು. ಶಿವಪುತ್ರಪ್ಪ ಭೆಟ್ಟಿಯ ದಿನ ತಪ್ಪದೆ ರಾಧಾಬಾಯಿಯನ್ನು ಟಾಂಗಾದಲ್ಲಿ ಕೂರಿಸಿಕೊಂಡು ಹೋಗಿ ಬರುತ್ತಿದ್ದ. ಹುಡುಗ ಬಡವಾಗಿ, ಗಡ್ಡ ಬೆಳೆಸಿಕೊಂಡು, ಎರಡು ಕಣ್ಣೂ ಎರಡು ಕೈಯೂ ನೆಟ್ಟಗೆ ಇಟ್ಟುಕೊಂಡು ಹೊರಗೆ ಬಂದ. ಮುಂದೆ ಶಿವಾಜಿನಗರದ ಒಂದು ಶಾಲೆಯಲ್ಲಿ ಇತಿಹಾಸ ಕಲಿಸುವ ಮಾಸ್ತರನಾದ.

ಸ್ವಾತಂತ್ರ್ಯ ಬಂದ ತಿಂಗಳಲ್ಲಿ ಏಕನಾಥನೇ ಹಟ ಹಿಡಿದು, ಆ ಶಾಲೆಯ ಸಭಾಗೃಹದಲ್ಲಿ ಕಾಕಾನ ಬಂದೂಕುಗಳ ಪ್ರದರ್ಶನ ಇಡಿಸಿದ. ಪುಣೆಯ ಜನ ಹಿಂಡು ಹಿಂಡಾಗಿ ಬಂದರು. ಮುಂಬಯಿಯಿಂದ ಬಂದ ಗೃಹಸ್ಥರೊಬ್ಬರು, ತಾವೂ ಶಸ್ತ್ರ ಕೂಡಿಸುವವರು, ಪ್ರತಿಯೊಂದರ ಎದುರೂ ನಿಂತು ಕನ್ನಡಕ ಸರಿಮಾಡಿಕೊಂಡು ತಲೆದೂಗುತ್ತ ಬಂದರು. ನಡುವಿನ ಮೇಜಿನ ಮೇಲೆ, ಕೆಂಪು ಮಖಮಲ್ಲಿನ ಮೇಲೆ ಹರವಿದ್ದ ಚೂರುಗಳನ್ನು ಕಂಡು ಹೌಹಾರಿದರು.

"ಅರೇರೇ! ಎಂಥಾ ಕೆಲಸಗಾರಿಕೆ! ಯಾವ ಮುಠ್ಠಾಳ ಇದನ್ನು ಹಾಳು ಮಾಡಿದ?" ಎಂದು ಮರಾಠಿಯಲ್ಲಿ ಕೂಗಿದರು.

ಸುತ್ತಲಿನವರು ತಿರುಗಿ ನೋಡಿದರು. ಶಿವಪುತ್ರಪ್ಪ ರುಮಾಲು ಸರಿಮಾಡಿಕೊಂಡು ಎದೆ ಸೆಟೆಸಿ ಮುಂದೆ ಬಂದ.

"ನಾನೇರಿ," ಎಂದ. ಆಮೇಲೆ ಮರಾಠಿಯಲ್ಲಿ ಇನ್ನೊಮ್ಮೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದ.

ಏಕನಾಥ ಮಾಸ್ತರ ಮುಂಬಯಿಯವರಿಗೊಂದು ಕುರ್ಚಿ ಎಳೆದು ಕೊಟ್ಟು, "ಕೂಡ್ರಿ ಸಾಹೇಬ್ರ, ಸ್ವಲ್ಪ ಉದ್ದದ ಮಾತದ," ಎಂದು ಕನ್ನಡದಲ್ಲೇ ಶುರು ಮಾಡಿ, ನಾಲಿಗೆ ಕಚ್ಚಿಕೊಂಡು ಮರಾಠಿಗೆ ಹೊರಳಿದ. ಹೆಂಗಸರ ಸಾಲಿನಲ್ಲಿ ರಾಧಾಬಾಯಿಯ ಪಕ್ಕ ಕೂತಿದ್ದ ಸಾವಂತ್ರವ್ವ ಸೆರಗು ಬಾಯಿಗೆ ಒತ್ತಿ ನಕ್ಕಳು.