ಎಡಗಡೆಯ ಕದದ ಮೀನಾಕ್ಷಿ

೧

ಎಲ್ಲಿಂದ ಶುರು ಮಾಡಲಿ? ಪೋಲೆಂಡಿನ ಒಂದು ತರಗತಿಯಿಂದ ಎಂದುಕೊಂಡಿದ್ದೆ. ಮಡಕಶಿರಾದ ಮೀನಾಕ್ಷಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇಪ್ಪತ್ತೆಂಟು ವರ್ಷ ಬಲ್ಗೇರಿಯನ್ ಭಾಷೆ, ಸಾಹಿತ್ಯ ಕಲಿಸಿದವಳು. ಕಿಟಕಿಯಾಚೆ ಹಿಮ ಬೀಳುತ್ತಿತ್ತು ಎಂದು ಬರೆದು ಹೊಡೆದುಹಾಕಿದೆ. (ಹಿಮವನ್ನು ನಾನು ಕಂಡಿರುವುದು ಫ್ರಿಜ್ಜಿನಲ್ಲಿ ಮಾತ್ರ.) ಓದುಗರೇ, ರಾಯದುರ್ಗದಲ್ಲಿರುವ ಅವಳ ಅಕ್ಕನ ಬಾಗಿಲಿಗೇ ಬನ್ನಿ.

೨

ಅಕ್ಕ ಲಕ್ಷ್ಮಕ್ಕ ಮನೆಯಲ್ಲೇ ಮೆಷಿನ್ ಇಟ್ಟುಕೊಂಡು ಜೀನ್ಸ್ ಪ್ಯಾಂಟುಗಳಿಗೆ ಜೇಬು ಹೊಲಿಯುತ್ತಾಳೆ. ತಂಗಿ ತೀರಿಕೊಂಡು ಆರು ತಿಂಗಳಾದಾಗ ಅಂಚೆಯಲ್ಲಿ ಒಂದು ಕಾಗದ ಬಂತು. ಮೀನಾಕ್ಷಿಯ ಶಿಷ್ಯೆ ಕಳಿಸಿದ್ದು. ಮೇಲೆ ಫೋಟೋ, ಕೆಳಗೆ ಬಲ್ಗೇರಿಯನ್ ಅಕ್ಷರ. ಸತ್ತವರ ಚಿತ್ರವಿರುವ ಇಂಥ ಕಾಗದವನ್ನು ಬಲ್ಗೇರಿಯಾದವರು ಬಾಗಿಲಿಗೆ ಅಂಟಿಸುತ್ತಾರೆ; ನಲವತ್ತನೆಯ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ಮೀನಾಕ್ಷಿ ಸಂಶೋಧನೆ ಮಾಡಿದ್ದು ಇವುಗಳ ಮೇಲೆಯೇ. ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠವೂ ಇದೇ: ಹೆಸರು, ವಯಸ್ಸು, ಯಾರು ಯಾರನ್ನು ನೆನೆಯುತ್ತಿದ್ದಾರೆ. ಒಂದು ಭಾಷೆಯಲ್ಲಿ ಮೊದಲು ಕಲಿಯಬೇಕಾದದ್ದು ಅಷ್ಟೇ ಎನ್ನುತ್ತಿದ್ದಳಂತೆ.

ಕೈಯಿಂದ ಕೀಳಬೇಡಿ, ಗಾಳಿ ಮಳೆಯೇ ಒಯ್ಯಬೇಕು ಎಂದು ಶಿಷ್ಯೆ ಇಂಗ್ಲಿಷಿನಲ್ಲಿ ಬರೆದಿದ್ದನ್ನು ಸೊಸೆ ಶಿರಿಷಾ ಓದಿ ಹೇಳಿದಳು. ಲಕ್ಷ್ಮಕ್ಕ ಮೈದಾ ಅಂಟು ಕಾಯಿಸಿ ಎಡಗಡೆಯ ಕದಕ್ಕೆ ಅಂಟಿಸಿದಳು.

೩

ಮರುದಿನ ಲಕ್ಷ್ಮಕ್ಕನ ಪರಿಚಯದ ಗುಮ್ಮಘಟ್ಟದ ಮುದ್ದಪ್ಪ ಆಟೋದಲ್ಲಿ ಹೋಗುತ್ತ ನೋಡಿದ. ಅಕ್ಕತಂಗಿಯರ ಮುಖ ಒಂದೇ ಅಚ್ಚು. ಆ ಅಕ್ಷರ ಅವನಿಗೆ ತಿಳಿಯದು. ಲಕ್ಷ್ಮಕ್ಕನೇ ಹೋದಳೆಂದುಕೊಂಡು ಇಳಿದು, ಸೇವಂತಿಗೆ ಹಾರ ತಂದು, ತಲೆ ತಗ್ಗಿಸಿ ನಿಂತ. ಬಲಗಡೆಯ ಕದ ತೆರೆದವಳು ಲಕ್ಷ್ಮಕ್ಕನೇ.

"ನಾ ಇನ್ನಾ ಅದೀನ್ರಿ ಮುದ್ದಪ್ಪ. ಹೆಂಗೂ ಬಂದೀರಿ, ಚಾ ಕುಡದು ಹೋಗ್ರಿ."

(ಇದನ್ನು ನಗುವಿಗೆಂದು ಬರೆದೆ. ಅವನು ಹೋದ ಮೇಲೆ ಅವಳು ಆ ಹಾರವನ್ನು ತಂಗಿಗೆ ಹಾಕಿ ಎಸಳು ಸರಿಮಾಡಿದಳು. ಅದು ನನ್ನ ಡ್ರಾಫ್ಟಿನಲ್ಲಿ ಇರಲಿಲ್ಲ.)

೪

ಯುಗಾದಿ ಬಂತು. ಬಾಗಿಲು ತೊಳೆದು, ಹೊಸ್ತಿಲಿಗೆ ಅರಿಶಿನ ಹಚ್ಚಿ, ತೋರಣ ಕಟ್ಟಬೇಕು. ಹಬ್ಬದ ಬಾಗಿಲಲ್ಲಿ ಸತ್ತವರ ಚಿತ್ರ ಬೇಡ ಎಂದಳು ಶಿರಿಷಾ. ಅವಳದು ತಪ್ಪಲ್ಲ, ದೇವರು ಬರುವ ಬಾಗಿಲು.

ಮೊದಲ ಕೊನೆ: ಲಕ್ಷ್ಮಕ್ಕ ಕಾಗದ ಕಿತ್ತು ದೇವರಿಗೆ ಕೈಮುಗಿಯುತ್ತಾಳೆ. ಬರೆದೆ. ಅವಳು ಒಪ್ಪಲಿಲ್ಲ.

ಎರಡನೆಯ ಕೊನೆ: ಮಳೆ ಬಂದು ಒಯ್ಯುತ್ತದೆ. ರಾಯದುರ್ಗದಲ್ಲಿ, ಅದೂ ಯುಗಾದಿಗೆ. "ಯಾವ ಮಳೀರಿ?" ಎಂದು ಅವಳೇ ನಕ್ಕಳು. ಇಲ್ಲಿ ಒಯ್ಯುವುದಿದ್ದರೆ ಬಿಸಿಲು. ಅದು ಮೊದಲು ಮುಖವನ್ನೇ ಒಯ್ಯುತ್ತದೆ.

ಅವಳ ಸಂಕಟ ಬೇರೆ. ಪ್ರತಿ ಭಾನುವಾರ ಫೋನಿನಲ್ಲಿ ಮೀನಾಕ್ಷಿ ಮಡಕಶಿರಾದ ಮಾತಿನಲ್ಲೇ "ಅಕ್ಕಯ್ಯ, ಉಂಡ್ಯೇನೇ?" ಎನ್ನುತ್ತಿದ್ದಳು. ಮದುವೆಯಾಗಿ ಬಂದು ರಾಯದುರ್ಗದ ಮಾತು ಕಲಿತ ಅಕ್ಕನಿಗೆ, ಹುಟ್ಟಿದೂರಿನ ಆ ಮಾತಾಡಲು ಈಗ ಉಳಿದಿರುವುದು ಈ ಕಾಗದವೊಂದೇ.

ಲಕ್ಷ್ಮಕ್ಕ, ಕತೆ ಮುಗಿಯಬೇಕಲ್ಲ, ತೆಗೆಯಿರಿ ಎಂದೆ.

"ನಿಮ್ಮ ಮನಿಯಾಗ ಅಮ್ಮಾರು ಹೋಗಿ ಮೂರು ವರ್ಷ ಆತು. ಅವ್ರ ಕನ್ನಡಕ ಇನ್ನಾ ದೇವ್ರ ಮುಂದ ಯಾಕ ಇಟ್ಟೀರಿ?"

ದಿನಾ ಮಂಗಳಾರತಿ ಎತ್ತುವಾಗ ಆ ಗಾಜಿನಲ್ಲೂ ದೀಪ ಕಾಣುತ್ತದೆ.

೫

ಅವಳು ಬಕೆಟ್ಟು ತಂದು ಬಲಗಡೆಯ ಕದ ತೊಳೆದಳು. ಎಡಗಡೆಯ ಕದದ ಮುಂದೆ ಒದ್ದೆ ಬಟ್ಟೆ ಹಿಡಿದು ನಿಂತು, ಮೆಲ್ಲಗೆ, "ಉಂಡ್ಯೇನೇ?" ಎಂದಳು. ಮುಗಿಯಿತೇ ಎಂದು ಒಳಗಿನಿಂದ ಶಿರಿಷಾ ಕೇಳಿದಳು.

ಮುಗಿದಿಲ್ಲ. ಬಕೆಟ್ಟಿನಲ್ಲಿ ಇನ್ನೂ ಅರ್ಧ ನೀರಿದೆ. ಬಟ್ಟೆಯಿಂದ ಹನಿ ಹೊಸ್ತಿಲ ಮೇಲೆ ಬೀಳುತ್ತಿದೆ. ನಾನೂ ಪೆನ್ನಿಗೆ ಕ್ಯಾಪು ಹಾಕಿಲ್ಲ