ಒಂದು ಪಲ್ಲವಿಯಷ್ಟು ಹೊತ್ತು

ಫಕೀರೇಶನ ಮುಖಕ್ಕಿಂತ ಅವನ ಬೆನ್ನೇ ಹುಬ್ಬಳ್ಳಿ-ಧಾರವಾಡದ ಜನರಿಗೆ ಹೆಚ್ಚು ಪರಿಚಿತವಾಗಿತ್ತು. ಗಣಪತಿ ಪೆಂಡಾಲಿರಲಿ, ಲಗ್ನದ ರಿಸೆಪ್ಶನ್ ಇರಲಿ, ಕುಬೇರಪ್ಪನವರ ಆರ್ಕೆಸ್ಟ್ರಾ ವೇದಿಕೆಯೇರಿತೆಂದರೆ ಅದರ ಎಡತುದಿಯಲ್ಲಿ ಕಪ್ಪು ರೆಕ್ಸಿನ್ ಕೋಟು ತೊಟ್ಟ ತೆಳ್ಳನೆಯ ಮನುಷ್ಯನೊಬ್ಬ, ಕೊರಳಿಗೆ ಗಿಟಾರು ನೇತುಹಾಕಿಕೊಂಡು, ಸಭಿಕರಿಗೆ ಬೆನ್ನು ಕೊಟ್ಟು, ಸ್ಟೂಲಿನ ಮೇಲಿಟ್ಟ ಕೆಂಪು ಪೆಟ್ಟಿಗೆಯೊಂದನ್ನು ಬಗ್ಗಿ ನೋಡುತ್ತ ನಿಂತಿರುತ್ತಿದ್ದ. ಏಪ್ರಿಲ್ ತಿಂಗಳ ಧಗೆಯಲ್ಲೂ ಆ ಕೋಟಿನ ಗುಂಡಿ ಬಿಚ್ಚಿದವನಲ್ಲ. ಇವನಿಗೆ ಸಭೆಯ ರೀತಿರಿವಾಜು ಗೊತ್ತಿಲ್ಲವೇ ಎಂದು ಮುಂದಿನ ಸಾಲಿನ ಹಿರಿಯರು ಗೊಣಗುವುದಿತ್ತು. ಎದುರಿಗೆ ಬಂದವರಿಗೆ ದಾರಿ ಬಿಡಲು ಗಟಾರಕ್ಕೆ ಕಾಲಿಡುವಷ್ಟು ಸಂಕೋಚದ ಪ್ರಾಣಿಯನ್ನು ಹಾಗೆನ್ನುವುದು ಅನ್ಯಾಯ. ಪಾಪ, ಅವನು ಪೆಟ್ಟಿಗೆ ಏಳುವುದನ್ನು ಕಾಯುತ್ತಿದ್ದ, ಅಷ್ಟೇ.

ಹಗಲೆಲ್ಲ ಅವನು ಗೋಕುಲ ರಸ್ತೆಯ ಕಾರ್ಖಾನೆಯೊಂದರಲ್ಲಿ ಲೇತ್ ಮಶೀನಿನ ಮುಂದೆ ನಿಲ್ಲುತ್ತಿದ್ದ. ಗಿಟಾರಿನ ಭಾರಕ್ಕೋ ಅಭ್ಯಾಸಬಲಕ್ಕೋ ಅವನ ಎಡಭುಜ ತುಸು ಕೆಳಗಿಳಿದಿತ್ತು. ಬರಿಗೈಯಲ್ಲಿ ಸಂತೆಗೆ ಹೊರಟಾಗಲೂ ಏನನ್ನೋ ಹೊತ್ತವನಂತೆ ವಾಲಿಯೇ ನಡೆಯುತ್ತಿದ್ದ. ತೊಂಬತ್ತರ ದಶಕವಿಡೀ ಅವನ ಬಳಿ ಒಂದು ಹಳೆಯ ವಾಲ್ವ್ ಆಂಪ್ಲಿಫೈಯರ್ ಇತ್ತು. ಅದು ಬಿಸಿಯಾಗಲು ಹೊತ್ತು ಹಿಡಿಯುತ್ತಿತ್ತು ನಿಜ. ಆದರೆ ಒಮ್ಮೆ ಕಾದಿತೆಂದರೆ, ಕಣ್ಣು ಮಿಟುಕಿಸಿ ಹೋಗಿಬರುವ ಕರೆಂಟಿಗೆ ಕ್ಯಾರೇ ಅನ್ನುತ್ತಿರಲಿಲ್ಲ. ಹೊಸ ಶತಮಾನದ ಆರಂಭಕ್ಕೆ ಅದರ ವಾಲ್ವುಗಳು ಸುಟ್ಟವು, ಹೊಸವು ಹುಬ್ಬಳ್ಳಿಯಲ್ಲಿರಲಿ ಮುಂಬಯಿಯಲ್ಲೂ ಸಿಗಲಿಲ್ಲ. ಆಗ ಬಂದದ್ದು ಈ ಪೆಟ್ಟಿಗೆ.

ಅದು ಡಿಜಿಟಲ್ ಮಾಡೆಲರ್ ಎಂಬ ಯಂತ್ರ. ಜಗತ್ತಿನ ದೊಡ್ಡ ದೊಡ್ಡ ಆಂಪ್ಲಿಫೈಯರುಗಳ ಧ್ವನಿಯನ್ನೆಲ್ಲ ತನ್ನೊಳಗೆ ಅನುಕರಿಸಿ ಇಟ್ಟುಕೊಂಡು, ಬೇಕೆಂದಾಗ ಬೇಕಾದ್ದನ್ನು ಕೊಡುವಂಥದ್ದು. ಮುಂಬಯಿಯಲ್ಲಿ ಯಾರೋ ಬಳಸಿ ಬಿಟ್ಟದ್ದನ್ನು ಫಕೀರೇಶ ತಂದಿದ್ದ. ಗುಣಕ್ಕೆ ಎರಡು ಮಾತಿಲ್ಲ. ತಂತಿ ಮೀಟಿದರೆ ಎದೆಯೊಳಗೆ ಹೊಕ್ಕು ಹೊರಬರುವಂಥ ನಾದ. ದೋಷ ಒಂದೇ. ಸ್ವಿಚ್ ಹಾಕಿದ ಮೇಲೆ ಅದರ ಕಿರುಪರದೆಯ ಮೇಲೆ ಅಕ್ಷರಗಳು ಹರಿದು, ದೀಪಗಳು ಒಂದೊಂದಾಗಿ ಹೊತ್ತಿ, ಅದು ಪೂರ್ತಿ ಎಚ್ಚರಗೊಳ್ಳಲು ಮುಕ್ಕಾಲು ನಿಮಿಷ ಬೇಕಾಗುತ್ತಿತ್ತು. ಮನೆಯಲ್ಲಿ ಕೂತವನಿಗೆ ಮುಕ್ಕಾಲು ನಿಮಿಷ ಏನೂ ಅಲ್ಲ. ವೇದಿಕೆಯ ಮೇಲೆ ಮಾತ್ರ ಅದು ಹಾಡಿನ ಮೊದಲ ಸಂಗೀತವೂ ಅದರ ಬೆನ್ನಿಗೆ ಪಲ್ಲವಿಯೂ ಮುಗಿದುಹೋಗುವಷ್ಟು ಹೊತ್ತು.

ನಮ್ಮ ಕಡೆಯ ಕರೆಂಟಿನ ಚಾಳಿ ಗೊತ್ತಿರುವವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಿಲ್ಲ. ದೀಪ ಒಮ್ಮೆ ಮಿಟುಕಿದರೂ ಪೆಟ್ಟಿಗೆ ಎಲ್ಲವನ್ನೂ ಮರೆತು ಮೊದಲಿನಿಂದ ಏಳತೊಡಗುತ್ತಿತ್ತು. ಯುಪಿಎಸ್ ಹಚ್ಚಿ ನೋಡಿದ. ಗಿಟಾರಿನೊಳಗೆ ಜೇನುಹುಳು ಹೊಕ್ಕಂತೆ ಗುಂಯ್‌ಗುಡತೊಡಗಿತು. ಕೀಬೋರ್ಡು ಮರುಕ್ಷಣವೇ ದನಿ ತೆಗೆಯುತ್ತಿತ್ತು, ಇವನದು ಮೂಕ. "ಏಳಾಕತ್ತೈತ್ರಿ, ಇನ್ನೊಂದೀಟ ತಡೀರಿ," ಎಂಬುದು ಅವನ ಬಾಯಲ್ಲಿ ಮಂತ್ರವಾಗಿಬಿಟ್ಟಿತ್ತು. ತಂಡದವರು ಅದನ್ನೇ ಹಿಡಿದು ಚಾಷ್ಟಿ ಮಾಡುತ್ತಿದ್ದರು, ಅವನೂ ನಗುತ್ತಿದ್ದ. ಕೀಬೋರ್ಡಿನ ಶಾಬುದ್ದೀನ ಒಳ್ಳೆಯ ಹುಡುಗ, ಅವನೊಬ್ಬನೇ ನಗದೆ, ತನ್ನ ವಾದ್ಯದಲ್ಲಿದ್ದ ಗಿಟಾರಿನ ಧ್ವನಿಯನ್ನೊತ್ತಿ ಆ ತೆರವನ್ನು ಸದ್ದಿಲ್ಲದೆ ತುಂಬುತ್ತಿದ್ದ.

ಫಕೀರೇಶನಿಗೆ ದೊಡ್ಡ ಆಸೆಗಳಿರಲಿಲ್ಲ. ಹೆಂಡತಿ ಸತ್ಯವ್ವ ತನ್ನ ಗಿಟಾರನ್ನು ಒಮ್ಮೆಯಾದರೂ ದೊಡ್ಡ ಸಭೆಯಲ್ಲಿ ಕೇಳಬೇಕು ಎಂಬುದೊಂದೇ ಅವನ ಮನಸ್ಸಿನಲ್ಲಿ ಮುಳ್ಳಿನಂತೆ ಉಳಿದಿತ್ತು. ಮದುವೆಯಾದಂದಿನಿಂದ ಆಕೆ ಕೇಳಿದ್ದು, ಸಂಜೆ ಹೊರಸಿನ ಮೇಲೆ ಕೂತು ಆಂಪ್ಲಿಫೈಯರಿಲ್ಲದೆ ಅವನು ಮೀಟುವ ಟಿಣಿಟಿಣಿಯನ್ನಷ್ಟೇ. ಅದೂ ರೊಟ್ಟಿ ಬಡಿಯುವ ಸಪ್ಪಳದ ನಡುವೆ. ಇದಕ್ಕಾಗಿ ಗಂಡ ಯಾಕೆ ಇಷ್ಟು ಒದ್ದಾಡುತ್ತಾನೆಂದು ಆಕೆಗೆ ತಿಳಿಯುತ್ತಿರಲಿಲ್ಲ, ಕೇಳುತ್ತಲೂ ಇರಲಿಲ್ಲ. ಕಡೆಗೊಮ್ಮೆ ಕುಬೇರಪ್ಪನವರ ಅಣ್ಣನ ಮಗಳ ರಿಸೆಪ್ಶನ್ನಿಗೆ ತಂಡದವರ ಮನೆಮಂದಿಗೂ ಕರೆ ಬಂತು. ಗಿಟಾರೊಂದರಿಂದಲೇ, ಬೇರಾವ ವಾದ್ಯದ ಆಸರೆಯಿಲ್ಲದೆ ಆರಂಭವಾಗುವ ಒಂದು ಹಳೆಯ ಹಾಡನ್ನು ಅಂದು ಹಾಡಿಸಬೇಕೆಂದು ಫಕೀರೇಶ ಕುಬೇರಪ್ಪನವರ ಕೈಕಾಲು ಹಿಡಿದು ಒಪ್ಪಿಸಿದ. ಬಾಯಿಬಿಟ್ಟು ಅವನು ಏನನ್ನಾದರೂ ಬೇಡಿದ್ದು ಅದೇ ಮೊದಲು.

ಸತ್ಯವ್ವ ಇಳಕಲ್ ಸೀರೆಯುಟ್ಟು ಬಂದು ಹೆಣ್ಣುಮಕ್ಕಳ ಸಾಲಿನಲ್ಲಿ ಕೂತಳು. ಹಾಡಿನ ಹೆಸರು ಹೇಳಿಯಾಯಿತು, ಸಭೆ ಸುಮ್ಮನಾಯಿತು. ಫಕೀರೇಶ ಬೆರಳನ್ನು ತಂತಿಯ ಮೇಲಿಡುವುದಕ್ಕೂ ದೀಪಗಳು ಒಮ್ಮೆ ಕಣ್ಣು ಮುಚ್ಚಿ ತೆರೆಯುವುದಕ್ಕೂ ಸರಿಹೋಯಿತು. ಉಸಿರೆಳೆಯುವುದರೊಳಗೆ ಬೆಳಕು ಮರಳಿತು. ಪೆಟ್ಟಿಗೆಯ ಮೇಲೆ ಅಕ್ಷರಗಳು ಹರಿಯತೊಡಗಿದವು.

"ಜನಾ ಕುಂತಾರಲ್ಲೋ, ಶುರು ಮಾಡ್ರಿ," ಎಂದರು ಪರದೆಯ ಮರೆಯಿಂದ ಕುಬೇರಪ್ಪ.

"ಏಳಾಕತ್ತೈತ್ರಿ."

"ಅಣ್ಣಾ, ನಾ ಹಿಡೀಲೇನ?" ಎಂದು ಶಾಬುದ್ದೀನ ಮೆಲ್ಲಗೆ ಕೇಳಿದ.

ಫಕೀರೇಶ ಹೂಂ ಅನ್ನಲಿಲ್ಲ, ಬೇಡವೆನ್ನಲೂ ಇಲ್ಲ. ಹುಡುಗ ಎಷ್ಟು ಹೊತ್ತು ಕಾದಾನು, ಕೀಬೋರ್ಡಿನಲ್ಲೇ ಬಾರಿಸತೊಡಗಿದ. ಸಭೆಯ ತುಂಬ ಗಿಟಾರಿನ ನಾದ ಹರಡಿದಾಗ ಫಕೀರೇಶನ ಬೆರಳುಗಳು, ಅವನನ್ನು ಕೇಳದೆಯೇ, ಜೀವವಿಲ್ಲದ ತಂತಿಗಳ ಮೇಲೆ ಅದೇ ಸ್ವರಗಳ ಜಾಡು ಹಿಡಿದು ಓಡಿದವು. ಸತ್ಯವ್ವನ ಮುಖ ಕಾಣಲೆಂದು ಅಂದು ಅವನು ಮೊದಲೇ ಸಭೆಗೆ ಎದುರಾಗಿ ನಿಂತಿದ್ದ. ಆ ಸಂಗೀತ ಮುಗಿದಾಗ ಚಪ್ಪಾಳೆ ಬಿತ್ತು. ಎಲ್ಲರ ಕಣ್ಣೂ ಇವನ ಮೇಲೆಯೇ. ಪೆಟ್ಟಿಗೆ ಎದ್ದಾಗ ಪಲ್ಲವಿ ದಾಟಿತ್ತು, ಇವನು ತಾನಾಗಿಯೇ ತನ್ನ ಗಿಟಾರಿನ ಧ್ವನಿಯನ್ನು ಪೂರ್ತಿ ತಗ್ಗಿಸಿದ.

ಸಾಮಾನು ಕಟ್ಟುವಾಗ ಕುಬೇರಪ್ಪನವರು ಹತ್ತಿರ ಬಂದು ಪ್ರೀತಿಯಿಂದಲೇ ಹೆಗಲ ಮೇಲೆ ಕೈಯಿಟ್ಟರು. "ಛಲೋ ಆತು ನೋಡು ಫಕೀರೇಶಾ. ಇನ್ನ ಮ್ಯಾಲೆ ಹಿಂಗ ಇರಲಿ. ಆ ಪೆಟಗಿ ಹಚ್ಚೂದೂ ಬ್ಯಾಡ, ಕಾಯೂದೂ ಬ್ಯಾಡ. ನೀ ಗಿಟಾರ್ ಹಿಡಕೊಂಡು ನಿಂತ್ರ ಸ್ಟೇಜ್ ತುಂಬಿದಂಗ ಕಾಣತೈತಿ." ಶಾಬುದ್ದೀನ ತಲೆ ತಗ್ಗಿಸಿ ವೈರು ಸುತ್ತುತ್ತಲೇ ಇದ್ದ. ಕುಬೇರಪ್ಪನವರ ಮೇಲೆ ಸಿಟ್ಟು ಮಾಡೋಣವೆಂದರೆ ನನಗೆ ಅದೂ ಸಾಧ್ಯವಾಗುವುದಿಲ್ಲ. ಅವರು ಯಾರನ್ನೂ ಕೆಲಸದಿಂದ ತೆಗೆಯಲಿಲ್ಲ, ಯಾರ ಪಗಾರವನ್ನೂ ಹಿಡಿಯಲಿಲ್ಲ. ಕೆಟ್ಟವರಾಗಿದ್ದರೆ ಫಕೀರೇಶನಿಗೆ ಜಗಳವಾಡಿ ಹೊರಬೀಳುವ ದಾರಿಯಾದರೂ ಇರುತ್ತಿತ್ತು.

ಮನೆಗೆ ಹೊರಟ ರಿಕ್ಷಾದಲ್ಲಿ ಸತ್ಯವ್ವ, ಎಂದೂ ಇಲ್ಲದ ಸಲಿಗೆಯಿಂದ, ಗಂಡನ ತೋಳು ಹಿಡಿದುಕೊಂಡಳು. "ಇಷ್ಟ ವರ್ಷ ಮನ್ಯಾಗ ಕೇಳೇನಿ, ನನಗ ತಿಳದೇ ಇರಲಿಲ್ಲ ನೋಡ್ರಿ. ಇವತ್ತ ಗೊತ್ತಾತು ನೀವು ಯಾಕ ಅದಕ್ಕ ಜೀವಾ ಬಿಡ್ತೀರಿ ಅಂತ. ಬಾಜೂಕ ಕುಂತಾಕಿಗೆ ಹೇಳಿದೆ, ಅವ್ರು ನಮ್ಮ ಮನಿಯವ್ರು ಅಂತ."

ಫಕೀರೇಶ ಬಾಯಿ ತೆರೆದ. ಹೇಳಬೇಕೆಂದರೆ ಅದೇ ಗಳಿಗೆಯಲ್ಲಿ ಹೇಳಬೇಕಿತ್ತು. ಆಕೆಯ ಮುಖದಲ್ಲಿ ಅಷ್ಟು ವರ್ಷಕ್ಕೆ ಮೊದಲ ಬಾರಿ ಕಂಡ ಹೆಮ್ಮೆಯನ್ನು ನೋಡಿ, ರಿಕ್ಷಾದವನಿಗೆ ಎಡಕ್ಕೆ ತಿರುಗಿಸಲು ಹೇಳಿದ.

ಮುಂದೆ ಹಲವಾರು ವರ್ಷ ಅವನು ಆ ತಂಡದಲ್ಲಿ ನಿಂತ. ಸಭೆಗೆ ಎದುರಾಗಿ, ನಗುಮೊಗದಿಂದ, ಎಲ್ಲಿಗೂ ಜೋಡಿಸದ ಗಿಟಾರನ್ನು ಹಿಡಿದು ಬೆರಳಾಡಿಸುತ್ತಿದ್ದ. ಒಂದು ಸ್ವರವನ್ನೂ ತಪ್ಪಾಗಿ ಒತ್ತುತ್ತಿರಲಿಲ್ಲವಂತೆ, ಶಾಬುದ್ದೀನನೇ ಹೇಳುತ್ತಿದ್ದ. ಸತ್ಯವ್ವ ಹಬ್ಬಹರಿದಿನಗಳಲ್ಲಿ ಬೀಗರು ಬಂದಾಗ, "ಅವತ್ತಿಂದು ಅದೊಂದ ಬಾರಿಸ್ರಿ," ಎಂದು ಗಂಟುಬೀಳುತ್ತಿದ್ದಳು. ಬಹಳ ದಿನ ಅವನು ಏನೇನೋ ಸಬೂಬು ಹೇಳಿ ತಪ್ಪಿಸಿಕೊಂಡ. ಕೊನೆಗೊಂದು ಸಂಜೆ ಪೆಟ್ಟಿಗೆಯನ್ನು ಅಟ್ಟದಿಂದ ಕೆಳಗಿಳಿಸಿ ಧೂಳು ಒರೆಸಿ, ತಂಡದ ಸ್ಪೀಕರೊಂದನ್ನು ತಂದು ಜೋಡಿಸಿ, ಅದು ಪೂರ್ತಿ ಎಚ್ಚರಗೊಳ್ಳುವ ತನಕ ತಾಳ್ಮೆಯಿಂದ ಕೂತ. ಆಮೇಲೆ ಒಳಗಿದ್ದದ್ದನ್ನೆಲ್ಲ ಸುರಿದು, ಮೊದಲ ಸ್ವರದಿಂದ ಕಡೆಯ ಸ್ವರದವರೆಗೆ ಬಾರಿಸಿದ.

ಸತ್ಯವ್ವ ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದವಳು ಕೈ ನಿಲ್ಲಿಸಿ ಕೇಳಿದಳು. ಗಂಡನ ಮನಸ್ಸು ನೋಯದಂತೆ ಮೆಲ್ಲಗೆ, "ಛಲೋ ಐತಿ," ಎಂದಳು. "ಆದ್ರ ಅವತ್ತಿನಂಗ ಬರವಲ್ದು ನೋಡ್ರಿ."

ಲೋಕದಲ್ಲಿ ಇಂಥವರು ಬಹಳ ಮಂದಿ ಇದ್ದಾರೆ. ಅವರನ್ನು ಯಾರೂ ಸೋಲಿಸಿರುವುದಿಲ್ಲ, ತುಳಿದಿರುವುದೂ ಇಲ್ಲ. ಅವರ ನಾದ ಹೊರಡುವಷ್ಟರಲ್ಲಿ ಅವರ ಜಾಗದಲ್ಲಿ, ಅವರ ಹೆಸರಿನಲ್ಲೇ, ಬೇರೊಂದು ನಾದ ಮೊಳಗಿ ಮುಗಿದಿರುತ್ತದೆ. ಅದನ್ನೇ ಅವರದೆಂದು ನಂಬಿ ಪ್ರೀತಿಸುವವರ ಪಕ್ಕದಲ್ಲಿ ಅವರು ಬಾಳಿನುದ್ದಕ್ಕೂ ಕೂತಿರುತ್ತಾರೆ, ಅದು ನಾನಲ್ಲ ಎಂಬ ಒಂದು ಮಾತು ಮಾತ್ರ ಅವರ ಬಾಯಿಂದ ಹೊರಡುವುದಿಲ್ಲ.